ಮಧ್ಯಾಹ್ನದ ಗುಳಿಗೆ

ಮಾನ್ವಿಯ ನಮ್ಮ ಬಳೆ ಅಂಗಡಿಯಲ್ಲಿ, ಕುರ್ಡಿಯಿಂದ ಬಂದ ಮದುಮಗಳಿಗೆ ಬಳೆ ತೊಡಿಸುತ್ತಿದ್ದಾಗ ಅಮ್ಮಿಗೆ ಎದೆ ಹಿಡಿದುಕೊಂಡಿತು. ಎರಡೂ ಕೈಗೆ ತೊಡಿಸಿ ಮುಗಿಸಿಯೇ ಗೋಡೆಗೆ ಒರಗಿದಳಂತೆ. ಅರ್ಧಕ್ಕೆ ಬಿಟ್ಟರೆ ಹುಡುಗಿಗೆ ಒಳ್ಳೆಯದಲ್ಲ ಎಂಬುದು ಅವಳ ಲೆಕ್ಕ. ನಾನು ದೇವದುರ್ಗದಲ್ಲಿ ಟೀಚರ್. ಸುದ್ದಿ ಕೇಳಿ ಓಡಿ ಬಂದೆ.

ರಾಯಚೂರಿನಲ್ಲಿ ಆಂಜಿಯೋಗ್ರಾಂ ಆಯಿತು. ಬೈಪಾಸ್ ಆಗಲೇಬೇಕು ಅಂದರು. ಅಲ್ಲಿಯವರೆಗೆ ರಕ್ತ ತೆಳುವಾಗಿಸುವ ಗುಳಿಗೆ, ಮಧ್ಯಾಹ್ನ ಊಟವಾದ ಮೇಲೆ. ಆಪರೇಷನ್ನಿಗೆ ಐದು ದಿನ ಮುಂಚೆ ಅದನ್ನು ಬಿಡಬೇಕು. ಬಿಡದಿದ್ದರೆ ಕೊಯ್ದ ಜಾಗದ ರಕ್ತ ನಿಲ್ಲುವುದಿಲ್ಲ.

"ರಂಜಾನ್ ಬಂತು. ರೋಜಾ ಅಂತ ಉಪಾಸ ಇರಬ್ಯಾಡ್ರಿ ಮತ್ತ," ಎಂದೂ ಡಾಕ್ಟರ್ ಹೇಳಿದರು. ಅಮ್ಮಿ ಎಲ್ಲದಕ್ಕೂ "ಹೂಂ ರೀ" ಅಂದಳು.

ಹಬ್ಬ ಕಳೆಯಲಿ ಎಂದು ಅವಳು ಕೇಳಿಕೊಂಡರೂ ಡಾಕ್ಟರ್ ಒಪ್ಪಲಿಲ್ಲ. ದಿನ ಹತ್ತಿರ ಬಂದಾಗ ದೇವದುರ್ಗದಿಂದ ಫೋನ್ ಮಾಡಿದೆ.

"ಅಮ್ಮಿ, ಮಧ್ಯಾಹ್ನದ ಗುಳಿಗಿ ಬಂದ್ ಮಾಡೀ ಇಲ್ಲ?"

"ಮಾಡೀನಿ ಬೇಟಿ. ಚಿಂತಿ ಬಿಡು."

ಜೀವನದಲ್ಲಿ ಒಮ್ಮೆಯಾದರೂ ಹೇಳಿದ ಮಾತು ಕೇಳಿದಳಲ್ಲ ಎಂದು ಖುಷಿಪಟ್ಟೆ.

ಆಪರೇಷನ್ ಚೆನ್ನಾಗಿ ಆಯಿತು ಎಂದರು. ನಾನೂ ಅಣ್ಣನ ಹೆಂಡತಿ ಭಾಭಿಯೂ ಐಸಿಯು ಹೊರಗೆ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಮತ್ತೆ ಬಂದರು. ಎದೆಗೆ ಹಾಕಿದ ಡ್ರೇನ್ ಟ್ಯೂಬಿನಲ್ಲಿ ರಕ್ತ ಬರುವುದು ನಿಲ್ಲುತ್ತಿಲ್ಲ.

"ಗುಳಿಗಿ ಬಿಟ್ಟಿದ್ದು ಖರೇ ಏನ್ರೀ?"

"ಖರೇ ರೀ ಸರ್," ಅಂದೆ.

ಭಾಭಿ ನನ್ನ ಮುಖ ನೋಡಿದಳು. "ಮೊನ್ನಿ ಸಂಜಿಗಿನೂ ನುಂಗ್ಯಾರಲ್ಲ! ಇಫ್ತಾರ್ ಆದಮ್ಯಾಗ."

ಅಮ್ಮಿ ರೋಜಾ ಇದ್ದಳು.

ಚಾಂದ್ ಕಂಡಾಗಿನಿಂದ ಊಟ ಸಂಜೆಗೆ ಹೋಗಿತ್ತು, ಅದರ ಹಿಂದೆ ಗುಳಿಗೆಯೂ ಹೋಗಿತ್ತು. ರಂಜಾನಿನಲ್ಲಿ ನಮ್ಮ ಮನೆಗಳಲ್ಲಿ ಎಲ್ಲದರ ವೇಳೆಯೂ ಹೀಗೇ ಹೊರಳುತ್ತದೆ. ಅವಳ ಪಾಲಿಗೆ ಮಧ್ಯಾಹ್ನದ್ದು ಬಂದ್ ಆಗಿತ್ತು. ಸಂಜೆಯದನ್ನು ಬಿಡು ಎಂದು ಯಾರೂ ಹೇಳಿರಲಿಲ್ಲ.

ಡಾಕ್ಟರ್ ಬೈಯಲಿಲ್ಲ. "ಪ್ಲೇಟ್‌ಲೆಟ್ ಬೇಕು, ರಕ್ತ ಬೇಕು. ಮಂದಿನ್ನ ಕರಸ್ರಿ," ಎಂದು ಒಳಗೆ ಹೋದರು.

ಮಾನ್ವಿಯಿಂದ ಅಣ್ಣನೂ ಬಜಾರಿನ ನಾಲ್ಕಾರು ಮಂದಿಯೂ ಬಂದರು. ರೋಜಾ ಇದ್ದ ಅಣ್ಣ, ನೀರಿನ ಬಾಟಲಿ ಎತ್ತಿ ಕುಡಿದು, ರಕ್ತ ಕೊಡಲು ಮಲಗಿದ. ಅಮ್ಮಿಯ ಎದೆಯನ್ನು ಮತ್ತೊಮ್ಮೆ ತೆರೆದರು. ಉಳಿಯುವುದಿಲ್ಲ ಅಂದುಕೊಂಡೆ. ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ದುವಾ ಮಾಡಿದೆ, ಅಳುತ್ತಲೂ ಮಾಡಿದೆ.

ಇಫ್ತಾರಿನ ಹೊತ್ತಿಗೆ ರಕ್ತ ನಿಂತಿತು.

ವಾರ್ಡಿಗೆ ಬಂದ ಮೇಲೆ ಡಾಕ್ಟರ್ ಕೇಳಿದರು. "ಯಾಕ ಯವ್ವಾ, ರೋಜಾ ಬ್ಯಾಡ ಅಂದಿದ್ನಲ್ಲ?"

"ಆಪರೇಷನ್ ಚಲೋ ಆಗ್ಲಿ ಅಂತನ ಇದ್ನಿ ರೀ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಆ ಗುಳಿಗೆಯ ಸ್ಟ್ರಿಪ್ಪನ್ನೇ ಅವಳ ಕೈಗಿಟ್ಟು, "ವೇಳೆ ಮರತುಬಿಡ್ರಿ, ಇದರ ಮಾರಿ ನೆನಪಿಡ್ರಿ," ಎಂದರು.

ಈ ವರ್ಷದ ರಂಜಾನ್ ಬಂದಿದೆ. ಅಮ್ಮಿ ಅಂಗಡಿಯಲ್ಲಿ ಕೂರುತ್ತಾಳೆ, ಬಳೆ ತೊಡಿಸುತ್ತಾಳೆ, ಆದರೆ ರೋಜಾ ಇಲ್ಲ. ರಜೆಗೆ ಬಂದಾಗ ಮಧ್ಯಾಹ್ನ ಅವಳ ಮುಂದೆ ತಟ್ಟೆ, ನೀರು, ಗುಳಿಗೆ ಇಡುವುದು ನನ್ನ ಕೆಲಸ. ಅವಳು ಅಡುಗೆಮನೆ ಬಾಗಿಲು ಮುಚ್ಚುತ್ತಾಳೆ.

"ಆ ಕಡಿ ತಿರುಗು ಬೇಟಿ. ರೋಜಾ ಇದ್ದೋರ ಮುಂದ ನುಂಗಾಕ ನಾಚಿಕಿ ಆಗ್ತದ."

ನಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತೇನೆ. ಅವಳು ನೀರು ಗುಟುಕರಿಸಿದ ಸದ್ದು ಕೇಳಿಸುವವರೆಗೆ ಅಲ್ಲಿಂದ ಕದಲುವುದಿಲ್ಲ.