ತೊಳೆದಿಟ್ಟ ಟ್ರಾಲಿ

ಮಗ ರೈಲು ಓಡಿಸುತ್ತಾನೆ ಎಂದು ನಮ್ಮ ತಾಯಿ ಮಳವಳ್ಳಿಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಪೂರ್ತಿ ಸುಳ್ಳೇನಲ್ಲ. ಮೂವತ್ತರ ದಶಕದಲ್ಲಿ ನಾನು ಓಡಿಸುತ್ತಿದ್ದುದಕ್ಕೆ ಹಳಿಯೂ ಇತ್ತು, ಕರೆಂಟೂ ಇತ್ತು. ಬೇರೆ ಯಾವ ರೈಲಿನ ಸಂಬಂಧವೂ ಇರಲಿಲ್ಲ, ಅಷ್ಟೆ. ಬೆಳಕವಾಡಿ ದಾಟಿದ ಮೇಲೆ ಸಿಗುವ ಕಣಿವೆಯ ನೆತ್ತಿಯಲ್ಲಿ ಹುಟ್ಟಿ, ಬುಡದಲ್ಲಿದ್ದ ವಿದ್ಯುತ್ ಕೇಂದ್ರದ ಬಾಗಿಲಲ್ಲಿ ಅದು ಮುಗಿದುಹೋಗುತ್ತಿತ್ತು. ಉಕ್ಕಿನ ಹಗ್ಗಕ್ಕೆ ಕಟ್ಟಿದ ಒಂದೇ ಒಂದು ಟ್ರಾಲಿ. ನೆತ್ತಿಯ ಶೆಡ್ಡಿನಲ್ಲಿ ಕೂತು ಮೋಟಾರಿನ ಹಿಡಿ ತಿರುಗಿಸುವುದು ನನ್ನ ಉದ್ಯೋಗ. ಅದಕ್ಕೆ ಹೈಸ್ಕೂಲು ಪಾಸಾಗಿರಬೇಕಿತ್ತಂತೆ. ಯಾಕೆಂದು ಇವತ್ತಿಗೂ ಗೊತ್ತಾಗಿಲ್ಲ.

ಟ್ರಾಲಿಯಲ್ಲಿ ಇಳಿಯುತ್ತಿದ್ದುದು ಹೆಚ್ಚಾಗಿ ಕಲ್ಲಿದ್ದಲು. ನೀರಿನಿಂದ ಕರೆಂಟು ಹುಟ್ಟುವ ಜಾಗಕ್ಕೆ ಕಲ್ಲಿದ್ದಲು ಯಾಕೆ ಎನ್ನಬೇಡಿ, ಕೆಳಗೆ ರಿಪೇರಿಯ ಕುಲುಮೆ ಉರಿಯಬೇಕಿತ್ತು. ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಕಲ್ಲಿದ್ದಲು ಎತ್ತಿನ ಗಾಡಿಯಲ್ಲಿ ತೂಕಡಿಸಿಕೊಂಡು ಬಂದು, ಕೊನೆಗೆ ಕರೆಂಟಿನ ಸವಾರಿ ಮಾಡುತ್ತಿತ್ತು. ಸುತ್ತಲಿನ ಹಳ್ಳಿಗಳವರು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಉಣ್ಣುತ್ತಿದ್ದರು.

ಮೇಲೆ ಕಲ್ಲಿದ್ದಲು ತುಂಬುತ್ತಿದ್ದವಳು ಒಬ್ಬ ಹೆಂಗಸು, ಕೆಳಗೆ ಇಳಿಸುತ್ತಿದ್ದವನು ಅವಳ ಗಂಡ. ಕಲ್ಲಿದ್ದಲಿಗೆ ಟ್ರಾಲಿ, ಅವರಿಗೆ ಮೆಟ್ಟಿಲು.

ಮಧ್ಯಾಹ್ನ ಮಾತ್ರ ಟ್ರಾಲಿ ಮಡಿಯಾಗುತ್ತಿತ್ತು. ಕೆಳಗಿದ್ದ ದೊಡ್ಡ ಸಾಹೇಬರಿಗೆ ಅಡುಗೆ ಭಟ್ಟರು ಮಡಿಯಲ್ಲಿ ಊಟ ತರುತ್ತಿದ್ದರು. ಮಸಿಯ ಟ್ರಾಲಿಯಲ್ಲಿ ಅನ್ನ ಹೋಗುವುದುಂಟೆ? ಬಿಂದಿಗೆಗಟ್ಟಲೆ ನೀರು ಹುಯ್ದು ನಾನೇ ತೊಳೆಯುತ್ತಿದ್ದೆ. ತೊಳೆದ ಮೇಲೆ ಊಟ ಇಳಿಯುವ ತನಕ ಯಾರೂ ಮುಟ್ಟುವಂತಿಲ್ಲ. ಹೀಗೆ ಮಾಡೆಂದು ಸಾಹೇಬರು ಹೇಳಿರಲಿಲ್ಲ. ಪುರೋಹಿತರ ಮಗನಲ್ಲವೇ, ಸರ್ಕಾರದ ನಿಯಮಗಳಿಗೆ ನನ್ನದೂ ಒಂದು ಸೇರಿಸಿದ್ದೆ.

ಒಂದು ದಿನ ಟ್ರಾಲಿ ತೊಳೆದು ಭಟ್ಟರ ದಾರಿ ನೋಡುತ್ತಿದ್ದಾಗ ಕೆಳಗಿನಿಂದ ಟೆಲಿಫೋನು ಬಂತು. ಕಬ್ಬಿಣದ ತೊಲೆ ಉರುಳಿ ಕಲ್ಲಿದ್ದಲು ಇಳಿಸುವವನ ಪಾದ ಜಜ್ಜಿಹೋಗಿದೆ, ಟ್ರಾಲಿ ಬಿಡಿ ಎಂದರು. ಊಟ ಇಳಿಯುತ್ತಲೇ ಅದರಲ್ಲೇ ಹತ್ತಿಸಿ ಎಂದೆ. ಎಷ್ಟು ಅಚ್ಚುಕಟ್ಟು ನೋಡಿ: ಅನ್ನ ಇಳಿಯುತ್ತದೆ, ಗಾಯಾಳು ಏರುತ್ತಾನೆ, ಕರೆಂಟೂ ಉಳಿತಾಯ.

ಅವನ ಹೆಂಡತಿ ಶೆಡ್ಡಿನ ಬಾಗಿಲಿಗೆ ಬಂದಳು.

"ಅಯ್ನೋರೆ, ಟ್ರಾಲಿ ಬುಡಿ. ಅವ ನನ್ ಗಂಡ."

"ಬಿಡ್ತೀನಿ ಇರಮ್ಮ. ಭಟ್ಟರು ಇನ್ನೇನು ಬಂದುಬಿಟ್ಟರು."

"ಸಾಯೇಬ್ರು ಒಸಿ ತಡ್ದು ಉಣ್ಲಿ ಬುಡಿ."

ನಾನು ದಾರಿಯ ಕಡೆ ನೋಡುತ್ತ ಕೂತೆ. ಅವಳು ಮೆಟ್ಟಿಲು ಇಳಿದು ಓಡಿದಳು. ಟೆಲಿಫೋನು ಮತ್ತೆ ಬಡಿದುಕೊಂಡಿತು. ನಾನು ಎತ್ತಲಿಲ್ಲ.

ಕೆಳಗಿನ ಕೂಲಿಯವರು ಅವನನ್ನು ಬೆನ್ನ ಮೇಲೆ ಹೊತ್ತು, ಅಲ್ಲಲ್ಲಿ ಇಳಿಸಿ ಸುಧಾರಿಸಿಕೊಂಡು, ಮೆಟ್ಟಿಲು ಹತ್ತಿಸಿ ತಂದರು. ಪಾದಕ್ಕೆ ಸುತ್ತಿದ್ದ ಟವಲು ತೊಟ್ಟಿಕ್ಕುತ್ತಿತ್ತು. ಅದೇ ಹೊತ್ತಿಗೆ ಭಟ್ಟರೂ ಕೈ ಬೀಸಿಕೊಂಡು ಬಂದರು, ಒಂದು ಚಿಟಿಕೆ ನಶ್ಯ ಕೇಳಲು. ಊಟ ಎಲ್ಲಿ ಎಂದೆ.

"ಇವತ್ತು ಏಕಾದಶಿ ಅಲ್ಲವೇನಯ್ಯ? ಸಾಹೇಬರು ಏನೂ ಮುಟ್ಟೋದಿಲ್ಲ."

ಮಡಿಯ ಕಾವಲುಗಾರನಾದ ನಾನು ಬೆಳಿಗ್ಗೆ ಬೆಳಕವಾಡಿಯ ಹೋಟೆಲಿನಲ್ಲಿ ಹೊಟ್ಟೆ ತುಂಬ ಇಡ್ಲಿ ತಿಂದು ಬಂದಿದ್ದೆ.

ಗಂಡನನ್ನು ಗಾಡಿಯಲ್ಲಿ ಮಲಗಿಸಿ ಅವಳು ಒಮ್ಮೆ ಹಿಂತಿರುಗಿ ನೋಡಿದಳು.

"ಚೆಂದಾಗಿ ತೊಳ್ದಿದ್ದೀರಿ ಅಯ್ನೋರೆ. ಒಂದ್ ತೊಟ್ಟು ರಕ್ತ ಬಿದ್ದಿಲ್ಲ."

ಮಳವಳ್ಳಿ ಆಸ್ಪತ್ರೆಯಲ್ಲಿ ಪಾದ ತೆಗೆದರು. ಬೇಗ ತಂದಿದ್ದರೂ ಉಳಿಯುತ್ತಿರಲಿಲ್ಲ ಎನ್ನುವವರನ್ನು ಬಹಳ ಹುಡುಕಿದೆ, ಸಿಗಲಿಲ್ಲ.

ಇಷ್ಟೇ ಆಗಿದ್ದರೆ ವಯಸ್ಸಿನ ತಪ್ಪು ಎಂದು ಕೈಮುಗಿದು ಮುಗಿಸಬಹುದಿತ್ತು. ಆದರೆ ಮರುದಿನ ದ್ವಾದಶಿ, ಊಟ ಬೇಗ ಬರುತ್ತದೆ. ಈ ಸಲ ಪಂಚಾಂಗ ನೋಡಿಕೊಂಡು ನಾನು ಇನ್ನೂ ಬೇಗ ಟ್ರಾಲಿ ತೊಳೆದಿಟ್ಟೆ.

ಕೆಲವು ದಿನದ ಮೇಲೆ ಅವಳು ಕೆಲಸಕ್ಕೆ ಬಂದಳು. ಮನೆಗೆ ಈಗ ಅವಳ ಕೂಲಿಯೊಂದೇ. ಟ್ರಾಲಿಗೆ ನೀರು ಬೀಳುವುದನ್ನು ಕಂಡರೆ ಸಾಕು, ನಾನು ಹೇಳುವ ಮೊದಲೇ ಮಂಕರಿ ಕೆಳಗಿಟ್ಟು ದೂರ ಹೋಗಿ ನಿಲ್ಲುತ್ತಿದ್ದಳು. ಬಾ, ತುಂಬು ಎನ್ನಲು ನಾನಲ್ಲಿ ಇದ್ದಷ್ಟು ವರ್ಷವೂ ನನಗೆ ಬಾಯಿ ಬರಲಿಲ್ಲ. ತೊಳೆಯುವುದನ್ನೂ ನಿಲ್ಲಿಸಲಿಲ್ಲ.