ಆ ಪೈಪಿನಲ್ಲಿ ಎಣ್ಣೆ ತುಂಬಿದವನು ನಾನು

ಮೆಕ್ಯಾನಿಕ್ ದಸ್ತಗೀರ್ ಭಾಯ್ ಅವರ ಕೈಯಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ನನ್ನ ಭಾವನ ಮೊಣಕಾಲು ಮುರಿದ ದಿನ ಅವರು ಓಡಿಸುತ್ತಿದ್ದ ನನ್ನ ಬೈಕಿನ ಎಂಜಿನ್ ಜಾಮ್ ಆದದ್ದು, ನಾನು ಅದರ ಆಯಿಲ್ ಪಂಪಿನ ಪೈಪ್ ಕಿತ್ತು ಪೈಪಿನ ಬಾಯಿ ಮುಚ್ಚಿದ್ದರಿಂದ. ಅಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತೇನೋ. ಆದರೆ ಮಾರನೆಯ ದಿನ, ಯಾರೂ ನೋಡುವ ಮೊದಲು, ನಾನೇ ಆ ಪೈಪನ್ನು ಮತ್ತೆ ಸಿಕ್ಕಿಸಿದೆ. ಅದರೊಳಗೆ ಎಣ್ಣೆ ತುಂಬಿದೆ. ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೆಂಡತಿಗೂ.

ನಾನು ಚಿಕ್ಕಜಾಜೂರಿನಲ್ಲಿ ರೈಲ್ವೆ ಸಿಗ್ನಲ್ ಕೆಲಸದಲ್ಲಿ ಇರುವವನು. ನಮಗೆ ಮೊದಲು ಕಲಿಸುವ ಪಾಠವೇ ಇದು: ಏನಾದರೂ ಅವಘಡವಾದರೆ ತನಿಖೆಯವರು ಬರುವ ತನಕ ಅಲ್ಲಿನ ಒಂದು ತಂತಿಯನ್ನೂ ಮುಟ್ಟಬಾರದು. ನನಗೆ ಗೊತ್ತಿರಲಿಲ್ಲ ಎಂದು ಯಾರೂ ನನ್ನ ಪರವಾಗಿ ಅಂದುಕೊಳ್ಳದಿರಲಿ ಎಂದು ಇದನ್ನು ಮೊದಲೇ ಬರೆದಿದ್ದೇನೆ.

ಆ ಬೈಕು ಯಮಹಾ ಆರ್‌ಎಕ್ಸ್ ಹಂಡ್ರೆಡ್. ಭೀಮಸಮುದ್ರದಲ್ಲಿ ಒಬ್ಬರ ಟ್ರ್ಯಾಕ್ಟರ್ ಶೆಡ್ಡಿನಲ್ಲಿ, ಗೋಣಿಚೀಲಗಳ ಅಡಿ ಬಿದ್ದಿತ್ತು. ಟ್ಯಾಂಕು ತುಕ್ಕು ತಿಂದಿತ್ತು, ಸೀಟಿನಲ್ಲಿ ಇಲಿ ಮರಿ ಹಾಕಿತ್ತು. ಆದರೆ ಕಾರ್ಬ್ಯುರೇಟರ್ ಒರೆಸಿ ನೋಡಿದಾಗ ಅದರ ಮೇಲೆ ಜಪಾನ್ ಎಂಬ ಅಚ್ಚು ಕಂಡಿತು. ಆ ಒಂದು ಅಚ್ಚಿಗೆ ನಾನು ಮರುಳಾದೆ. ಟೆಂಪೊದಲ್ಲಿ ಹಾಕಿಕೊಂಡು ನೇರ ಚಿತ್ರದುರ್ಗಕ್ಕೆ, ದಸ್ತಗೀರ್ ಭಾಯ್ ಅಂಗಡಿಗೆ ಒಯ್ದೆ.

ಹಳೆಯ ಜಪಾನಿ ಬೈಕುಗಳ ಎಂಜಿನ್ ಎಂದರೆ ಆಗ ನಮ್ಮ ಕಡೆ ಅವರೇ. ದಾವಣಗೆರೆ, ಹೊಸದುರ್ಗ, ಹಿರಿಯೂರಿನಿಂದ ಜನ ಬರುತ್ತಿದ್ದರು. ಒಂದೂವರೆ ವರ್ಷ ನನ್ನ ಪ್ರತಿ ರಜೆಯೂ ಅವರ ಅಂಗಡಿಯಲ್ಲೇ ಕಳೆಯಿತು. "ಏನ್ರಿ ಸಿಗ್ನಲ್ ಸಾಹೇಬ್ರೇ, ಇವತ್ತು ಹಸಿರೋ ಕೆಂಪೋ? ಬರ್ರಿ, ಕುಂತ್ಕಳ್ರಿ" ಎನ್ನುವರು. ತೊಳೆಯುವುದು, ಉಜ್ಜುವುದು, ನಟ್ಟುಗಳನ್ನು ಅಳತೆಯಂತೆ ಜೋಡಿಸಿಡುವುದು — ನನಗೆ ಕೆಲಸ ಕಲಿಸಿದವರು ಅವರೇ.

ಸಿಲಿಂಡರಿನ ಒಳಗೋಡೆ ಕೊರೆಸಿ, ಅಂದರೆ ಬೋರ್ ಮಾಡಿಸಿ ತಂದ ಮೇಲೂ ಕೊನೆಯ ಉಜ್ಜುವಿಕೆ ಅವರ ಕೈಯದೇ ಆಗಬೇಕು. ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರಿನಲ್ಲಿ ಅಳೆದು ಮುಗಿಸಿದ ಮೇಲೆ, ರಿಂಗು ಹಾಕದ ಪಿಸ್ಟನ್ನಿಗೆ ಎರಡು ಹನಿ ಎಣ್ಣೆ ಸವರಿ, ಸಿಲಿಂಡರಿನ ಬಾಯಿಯಲ್ಲಿಟ್ಟು ಬೆರಳು ತೆಗೆಯುವರು. ಪಿಸ್ಟನ್ ತನ್ನ ಭಾರಕ್ಕೆ ತಾನೇ ನಿಧಾನ ಕೆಳಗೆ ಜಾರುತ್ತಿತ್ತು. "ಇಳೀಬೇಕು, ಬೀಳಬಾರ್ದು" ಎನ್ನುವರು. ನನ್ನ ಬೈಕಿನ ಪಿಸ್ಟನ್ ಇಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೀಳಲಿಲ್ಲ. ನಿಲ್ಲಲೂ ಇಲ್ಲ.

ಈ ಬೈಕುಗಳ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಎಣ್ಣೆಯೂ ಹೋಗಬೇಕು, ಇಲ್ಲದಿದ್ದರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಎಣ್ಣೆಗೆ ಬೇರೆ ಟ್ಯಾಂಕು, ಅದನ್ನು ತಳ್ಳಲು ಒಂದು ಸಣ್ಣ ಪಂಪು. ಆದರೆ ಹಳೆ ಬೈಕು ಓಡಿಸುವವರ ನಡುವೆ ಒಂದು ಹುಚ್ಚು ಇತ್ತು — ಪಂಪು ನಂಬಬಾರದು, ಅದನ್ನು ಬಂದ್ ಮಾಡಿ ಪೆಟ್ರೋಲ್ ಟ್ಯಾಂಕಿಗೇ ಎಣ್ಣೆ ಬೆರೆಸಬೇಕು ಎಂದು. ಬೆರೆಸುವವನೇ ನಿಜವಾದ ಬೈಕಿನವನು ಎಂಬ ಜಂಭ. ನಾನು ಭಾಯ್ ಅವರನ್ನು ಕೇಳಿದ್ದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೇಳಿದ್ದರು: "ಬ್ಯಾಡ್ರಿ. ನೆನಪು ಇಟ್ಕಳೋ ಕೆಲ್ಸ ಗಾಡಿಗೆ ಬಿಡ್ರಿ. ಮನುಷ್ಯಂಗೆ ಬಿಟ್ರೆ ಒಂದಿನ ಮರೀತಾನೆ."

ಬೈಕು ಮನೆಗೆ ಬಂದ ಮೂರನೇ ವಾರ ನಾನು ಪೈಪ್ ಕಿತ್ತೆ. ಪಂಪು ಕೆಟ್ಟಿರಲಿಲ್ಲ. ಅವರು ಬೇಡವೆಂದದ್ದನ್ನು ನಾನೊಬ್ಬನೇ, ನನ್ನ ಕೈಯಿಂದ, ಮಾಡಬಲ್ಲೆ ಎಂಬ ಜಂಭ — ಅದಕ್ಕೆ ಬೇರೆ ಕಾರಣ ಇರಲಿಲ್ಲ. ಎಣ್ಣೆ ಟ್ಯಾಂಕಿನಿಂದ ಬರುವ ಪೈಪಿಗೆ ಒಂದು ಬೋಲ್ಟು ತುರುಕಿ ಬಿಗಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಅಳೆದು ಎಣ್ಣೆ ಬೆರೆಸಿದೆ. ಎರಡು ತಿಂಗಳು ಒಂದು ಸಲವೂ ಮರೆಯಲಿಲ್ಲ.

ಆ ಶನಿವಾರ ಅಕ್ಕ ಮತ್ತು ಭಾವ ಹೊಸದುರ್ಗದಿಂದ ಬಂದಿದ್ದರು. ಭಾವ ತಿಪ್ಪೇಸ್ವಾಮಿ, ಹೊಸದುರ್ಗದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕರು. ಹಿರಿಯೂರಿನಲ್ಲಿ ಖೋಖೋ ಪಂದ್ಯಕ್ಕೆ ಅಂಪೈರ್ ಆಗಿ ಹೋಗಬೇಕಿತ್ತು. ಅಂಗಳದಲ್ಲಿ ನಿಂತ ಬೈಕು ನೋಡಿದ ಮೇಲೆ ಬಸ್ಸಿನ ಮಾತನ್ನೇ ಬಿಟ್ಟರು.

"ನಿಧಾನ ಹೋಗ್ರಿ ಭಾವ, ಹೊಸ ಬೋರು" ಎಂದೆ.

"ಲೇ, ನೀನು ಮೂಗು ಸುರಿಸ್ಕಂಡು ಓಡಾಡ್ತಿದ್ದಾಗ ನಾನು ಇಂಥದ್ರಾಗೆ ಕಾಲೇಜಿಗೆ ಹೋಗಿದೀನಿ. ನಂಗೇ ಹೇಳಿಕೊಡ್ತಾನೆ! ಕೀ ತಾರೋ ಇಲ್ಲಿ."

ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. ಅದು ತುಂಬಿತ್ತು. ತುಂಬಿರದೆ ಏನು — ಅದರಿಂದ ಒಂದು ಹನಿಯೂ ಕೆಳಗೆ ಇಳಿಯುತ್ತಿರಲಿಲ್ಲ. "ಆಯಿಲ್ ಫುಲ್ ಐತೆ" ಎಂದು ಮುಚ್ಚಿ ಹೊರಟರು. ನಾನು ಡ್ಯೂಟಿಗೆ ಹೊರಡುವ ಅವಸರದಲ್ಲಿದ್ದೆ. ಪೆಟ್ರೋಲ್ ಹಾಕಿಸಿದರೆ ಎಣ್ಣೆ ಬೆರೆಸಬೇಕೆಂದು ಹೇಳಲು ಮರೆತೆ. ಅದು ಮರೆವೇ.

ಹತ್ತು ಗಂಟೆ ಸುಮಾರಿಗೆ, ಸಿಗ್ನಲ್ ಪೆಟ್ಟಿಗೆಯೊಂದರ ಮುಂದೆ ಕುಳಿತಿದ್ದಾಗ ನೆನಪಾಯಿತು. ಫೋನು ಜೇಬಿನಲ್ಲೇ ಇತ್ತು. ನಾನು ಲೆಕ್ಕ ಹಾಕಿದೆ: ಟ್ಯಾಂಕಿನಲ್ಲಿ ಎಣ್ಣೆ ಬೆರೆಸಿದ ಐದು ಲೀಟರ್ ಪೆಟ್ರೋಲ್ ಇದೆ, ಹಿರಿಯೂರಿಗೆ ಹೋಗಿ ಬರಲು ಸಾಕು. ಫೋನ್ ಮಾಡಿದರೆ ಭಾವ ನಗುತ್ತಾರೆ, ಆ ಭಾಯ್ ಬೇಡ ಅಂದಿದ್ದನ್ನ ಯಾಕೆ ಮಾಡಿದೆಯೋ ಎನ್ನುತ್ತಾರೆ. ಮಾಡಲಿಲ್ಲ. ಇದನ್ನು ಮರೆವು ಎನ್ನಲಾರೆ.

ಬೇರೆಯವರ ಗಾಡಿಯನ್ನು ಖಾಲಿ ಟ್ಯಾಂಕಿನಲ್ಲಿ ವಾಪಸು ಕೊಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಅದರಲ್ಲೂ ಹೆಂಡತಿಯ ತಮ್ಮನ ಗಾಡಿ. ಪಂದ್ಯ ಮುಗಿದ ಮೇಲೆ ಭಾವ ಹಿರಿಯೂರಿನ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದರು. ಬರೀ ಪೆಟ್ರೋಲು. ನಾನು ಲೆಕ್ಕದಲ್ಲಿ ಸೇರಿಸದೆ ಬಿಟ್ಟದ್ದು ಅವರ ಒಳ್ಳೆಯತನವನ್ನು.

ಐಮಂಗಲ ತಲುಪುವ ಮೊದಲು, ಹೆದ್ದಾರಿಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಎಂಜಿನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ತಿರುಗುವುದು ನಿಂತು ಬೈಕು ಮಗುಚಿತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ್ದರಿಂದ ಭಾವ ಉಳಿದರು. ಎಡಗಾಲು ಬೈಕಿನ ಅಡಿ ಸಿಕ್ಕಿತ್ತು.

ಮಾರನೆಯ ದಿನ ಬೈಕು ಟೆಂಪೊದಲ್ಲಿ ನಮ್ಮ ಕ್ವಾರ್ಟರ್ಸಿಗೆ ಬಂತು. ಹೆಂಡತಿ ಆಸ್ಪತ್ರೆಯಲ್ಲಿ ಅಕ್ಕನ ಜೊತೆ ಇದ್ದಳು. ಮಧ್ಯಾಹ್ನ ಎರಡು ಗಂಟೆ. ಬಾಗಿಲು ಹಾಕಿಕೊಂಡು ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಬೋಲ್ಟು ತೆಗೆದೆ. ಪೈಪನ್ನು ಪಂಪಿಗೆ ಸಿಕ್ಕಿಸಿ ಕ್ಲಿಪ್ ಹಾಕಿದೆ. ಪಂಪಿನ ಸ್ಕ್ರೂ ಸಡಿಲಿಸಿ ಗಾಳಿ ಹೋಗಿ ಎಣ್ಣೆ ಬರುವವರೆಗೆ ಕಾದೆ. ಪಂಪಿನಿಂದ ಎಂಜಿನ್ನಿಗೆ ಹೋಗುವ ಪೈಪು ಒಣಗಿತ್ತು — ಅದಕ್ಕೆ ಸಿರಿಂಜಿನಿಂದ ಎಣ್ಣೆ ತುಂಬಿದೆ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಬಸಿದೆ, ಅದರಲ್ಲಿ ನಾನು ಬೆರೆಸಿದ ಎಣ್ಣೆಯ ತೆಳು ನೀಲಿ ಉಳಿದಿತ್ತು. ಬೋಲ್ಟನ್ನು ಕಾಂಪೌಂಡಿನ ಆಚೆ ಎಸೆದೆ. ನನ್ನ ಕೈ ಒಂದು ಸಲವೂ ತಪ್ಪಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದನ್ನು ನನಗೆ ಕಲಿಸಿದವರು —

ಅವರು ಮಾರನೆಯ ಬೆಳಿಗ್ಗೆ ಬಂದರು. ಯಾರೂ ಕರೆದಿರಲಿಲ್ಲ. ಸುದ್ದಿ ಕೇಳಿ, ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಚಹಾ ಬೇಡವೆಂದರು. ಅಂಗಳದಲ್ಲಿ ಕುಳಿತು ಎಂಜಿನ್ ಬಿಚ್ಚಿದರು. ಪಿಸ್ಟನ್ನಿನ ಮೈತುಂಬ ಗೀರು. ಅದನ್ನು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಂಪಿನ ಪೈಪ್ ಎಳೆದು ಎರಡು ಬೆರಳಲ್ಲಿ ಒತ್ತಿದರು. ಎಣ್ಣೆ ಬಂತು.

"ಪಂಪಿಗೆ ಯಾರಾರ ಕೈ ಹಾಕಿದ್ರೇನ್ರಿ?"

"ಇಲ್ಲ ಭಾಯ್" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ — ಗೊತ್ತಿಲ್ಲ. ನನ್ನ ಮಾತನ್ನು ಅನುಮಾನಿಸುವುದು ಅವರಿಗೆ ಹೊಳೆಯಲೇ ಇಲ್ಲ. ಬೆರಳಿನ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡು, ತಮಗೆ ತಾವೇ ಹೇಳಿಕೊಳ್ಳುವಂತೆ ಹೇಳಿದರು:

"ಹಂಗಾರೆ ನಂದೇ. ಪಿಸ್ಟನ್ ಬಿಗಿ ಮಾಡೀನಿ. ಕಣ್ಣು ಹೋಗೈತೆ ಅನ್ಸುತ್ತೆ, ಇಲ್ಲಾಂದ್ರೆ ಕೈ."

ಆಗ ಅವರಿಗೆ ಅರವತ್ತು. ಕಣ್ಣೂ ಹೋಗಿರಲಿಲ್ಲ, ಕೈಯೂ ಹೋಗಿರಲಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು, ನನ್ನ ಜೊತೆಗೇ. ಮೋಸಂಬಿ ತಂದಿದ್ದರು. ಮಂಚದ ಪಕ್ಕ ನಿಂತು, "ಮೇಷ್ಟ್ರೇ, ತಪ್ಪಾಗೈತೆ. ಕೆಲ್ಸ ನಂದು" ಎಂದರು. ಭಾವ ಗೋಡೆಯ ಕಡೆ ಮುಖ ತಿರುಗಿಸಿದರು. ಅಕ್ಕ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು, "ಹೋಗ್ರಿ, ನಿಮ್ಮ ಹಣ್ಣು ಯಾರಿಗೆ ಬೇಕು" ಎಂದಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆ ದಿನಗಳಲ್ಲಿ ನೋಡಲು ಬಂದ ನೆಂಟರಲ್ಲಿ ಕೆಲವರು ಮೆಕ್ಯಾನಿಕ್ ಎನ್ನುವುದನ್ನು ಬಿಟ್ಟು ಭಾಯ್ ಅವರ ಜಾತಿ ಹಿಡಿದು ಮಾತಾಡಿದರು. ಅದಕ್ಕೂ ನಾನು ಸುಮ್ಮನಿದ್ದೆ. ಅಂಥ ಮಾತು ನನ್ನ ಬಾಯಿಂದ ಬರಲಿಲ್ಲವಲ್ಲ ಎಂದುಕೊಂಡು ಒಳ್ಳೆಯವನಂತೆ ಇದ್ದೆ. ಆ ಮಾತುಗಳಿಗೆ ಬಾಗಿಲು ತೆಗೆದವನೇ ನಾನು.

ಭಾವನ ಮೊಣಕಾಲು ಪೂರ್ತಿ ಮಡಚಲಿಲ್ಲ. ಶಾಲೆಯಲ್ಲಿ ಅವರಿಗೆ ಗ್ರಂಥಾಲಯದ ಕೆಲಸ ಕೊಟ್ಟರು. ದಸ್ತಗೀರ್ ಭಾಯ್ ಎಂಜಿನ್ ಮುಟ್ಟುವುದನ್ನು ಬಿಟ್ಟರು. ದೂರದಿಂದ ಬಂದವರಿಗೆ, "ಬ್ರೇಕು, ಕೇಬಲ್ಲು, ಪಂಕ್ಚರ್ರು — ಇಷ್ಟೇ ಮಾಡೋದು. ಎಂಜಿನ್ ಆದ್ರೆ ದಾವಣಗೆರೆಗೆ ಹೋಗ್ರಿ" ಎನ್ನುತ್ತಿದ್ದರು. ಜನ ಮೊದಮೊದಲು ಒತ್ತಾಯ ಮಾಡಿದರು. ಆಮೇಲೆ ಬರುವುದನ್ನು ಬಿಟ್ಟರು. ನಾನು ಮಾತ್ರ ಹೋಗುತ್ತಿದ್ದೆ. ಹೋದಾಗಲೆಲ್ಲ ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು, ಚಹಾ ಕುಡಿಯುವುದು, ಬಸ್ಸು ಹತ್ತುವುದು.

ಹೋದ ತಿಂಗಳು ಅವರು ಒಳಗಿನಿಂದ ಒಂದು ಮರದ ಡಬ್ಬಿ ತಂದು ನನ್ನ ಕೈಗಿಟ್ಟರು. ಅವರ ಮೈಕ್ರೋಮೀಟರು. ತಂದೆಯ ಕಾಲದ್ದು. ಡಬ್ಬಿ ಕೊಡುವಾಗ ಅವರ ಕೈ ನಡುಗುತ್ತಿತ್ತು. ಈಗ ನಿಜವಾಗಿ ನಡುಗುತ್ತದೆ.

"ನಂಗೆ ಇನ್ನೇನು ಕೆಲ್ಸ ಇದರದ್ದು. ನೀವು ಇಟ್ಕಳ್ರಿ ಸಾಹೇಬ್ರೇ. ನಿಮ್ಮ ಕೈ ನಂಬಬೌದು."

ನಾನು ಅದನ್ನು ತೆಗೆದುಕೊಂಡೆ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು — ಅದಕ್ಕೇ ತೆಗೆದುಕೊಂಡೆ.

ಕಳೆದ ಭಾನುವಾರ ಹೊಸದುರ್ಗಕ್ಕೆ ಹೋಗಿ ಭಾವನ ಮುಂದೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಎದ್ದು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಚಾಚಿದ ಎಡಗಾಲನ್ನೇ ನೋಡುತ್ತಿದ್ದರು. ಒಳಗಿನಿಂದ ಅಕ್ಕ, "ಊಟಕ್ಕೆ ಬರ್ರಿ ಇಬ್ರೂ" ಎಂದು ಎರಡು ಸಲ ಕೂಗಿದಳು. ಆಮೇಲೆ ಭಾವ ಹೇಳಿದರು:

"ಕಾಲು ಬಿಡೋ. ಕಾಲು ಹೋದದ್ದು ಹೋಯ್ತು. ಆ ಮನುಷ್ಯ ಹಣ್ಣು ಹಿಡ್ಕಂಡು ನಿಂತಿದ್ನಲ್ಲ, ನಾನು ಗೋಡೆ ಕಡೆ ತಿರುಗಿದ್ನಲ್ಲ... ಅದನ್ನ ಏನ್ ಮಾಡ್ಲಿ ಈಗ? ನೀನು ಮಾಡಿದ್ದಕ್ಕೆ ನನ್ನೂ ಪಾಲುದಾರ ಮಾಡ್ಬಿಟ್ಟೆಲ್ಲೋ."

ಅವರು ಊಟಕ್ಕೆ ಏಳಲಿಲ್ಲ. ನಾನು ಹೊರಡುವಾಗ ಮಾತ್ರ, "ಭಾಯ್ ಅಂಗಡಿಗೆ ನಾನೂ ಬರ್ತೀನಿ. ಆದ್ರೆ ಮೊದ್ಲು ಬಾಯಿ ಬಿಡೋನು ನೀನು" ಎಂದರು.

ನಾಳೆ ಹೋಗುತ್ತಿದ್ದೇವೆ. ಭಾಯ್ ಅವರನ್ನು ಒಳಗೆ ಕರೆದು, ಪಿಸುಮಾತಿನಲ್ಲಿ ಹೇಳಿ ಮುಗಿಸಬಹುದು ಎಂದು ಒಂದು ಗಳಿಗೆ ಯೋಚಿಸಿದ್ದೆ. ಅದೂ ಮುಚ್ಚಿಡುವುದೇ. ಅವರು ತಮ್ಮ ತಪ್ಪೆಂದು ಹೇಳಿಕೊಂಡದ್ದು ಊರೆಲ್ಲ ಕೇಳಿದೆ. ಆದ್ದರಿಂದ ಅಂಗಡಿಯ ಮುಂದೆ, ಅಕ್ಕಪಕ್ಕದವರು ಕೆಲಸದಲ್ಲಿರುವ ಹೊತ್ತಿಗೆ, ಎಲ್ಲರಿಗೂ ಕೇಳುವಂತೆ ಹೇಳಬೇಕು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಾರೆ, ಅವರ ಸ್ವಭಾವ ನನಗೆ ಗೊತ್ತು. ನಾನು ಹೋಗಿ ಹನ್ನೊಂದು ವರ್ಷವನ್ನು ವಾಪಸು ಕೊಡಲಾರೆ, ಈಗಿನ ನಡುಕವನ್ನು ನಿಲ್ಲಿಸಲಾರೆ. ಆ ದಿನ ಅವರ ಕೈ ನಡುಗಿರಲಿಲ್ಲ ಎಂದು ಹೇಳಬಲ್ಲೆ. ಹೇಳಿ, ಅವರು ಏನು ಅಂದರೂ ಕೇಳಿಸಿಕೊಂಡು, ಹೋಗು ಎನ್ನುವವರೆಗೆ ಅಲ್ಲೇ ನಿಂತಿರುತ್ತೇನೆ.