ಉಳಿದ ಏಳು ಗುಂಡುಸೂಜಿ

ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಗುಂಡುಸೂಜಿ ಚುಚ್ಚಿಡುವ ಒಂದು ಸಣ್ಣ ದಿಂಬಿದೆ. ಹಳೆಯ ರವಿಕೆ ಬಟ್ಟೆಯೊಳಗೆ ಹತ್ತಿ ತುಂಬಿ ನಾನೇ ಹೊಲಿದದ್ದು. ನಮ್ಮ ಯಜಮಾನರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ ಮರುದಿನ ಅದರಲ್ಲಿದ್ದ ಸೂಜಿಗಳನ್ನೆಲ್ಲ ಕಿತ್ತು, ಇಪ್ಪತ್ತೊಂದನ್ನು ಮಾತ್ರ ಸಾಲಾಗಿ ಚುಚ್ಚಿದೆ. ಬೆಳಿಗ್ಗೆ ಎದ್ದು ಒಂದು ಸೂಜಿ ತೆಗೆದು ಡಬ್ಬಿಗೆ ಹಾಕುವುದು, ಸಂಜೆ ಆರರವರೆಗೆ ನೀರು ಬಿಟ್ಟು ಬೇರೇನೂ ಮುಟ್ಟದಿರುವುದು, ಆರಕ್ಕೆ ಮಂಡಿಯೂರಿ ಪ್ರಾರ್ಥಿಸಿ ಒಂದೇ ಊಟ ಮಾಡುವುದು. ಇದು ನಾನು ದೇವರಿಗೆ ಕೊಟ್ಟ ಮಾತು. ಅವರು ಗುಣವಾಗಿ ಮನೆಗೆ ಬರಬೇಕು ಎಂಬುದು ನಾನು ಕೇಳಿದ್ದು.

ಹದಿನಾಲ್ಕನೆಯ ಸೂಜಿ ತೆಗೆದ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು ತೀರಿಕೊಂಡರು. ದಿಂಬಿನಲ್ಲಿ ಏಳು ಸೂಜಿ ಉಳಿದವು. ಆ ಏಳನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಉಪವಾಸ ನನಗೆ ಹೊಸದೇನಲ್ಲ. ಅರಸೀಕೆರೆಯ ನಮ್ಮ ಚರ್ಚಿನಲ್ಲಿ ಶುಕ್ರವಾರ ಉಪವಾಸ ಪ್ರಾರ್ಥನೆ ಇರುತ್ತದೆ. ಹತ್ತು ಹನ್ನೆರಡು ಹೆಂಗಸರು ಚಾಪೆಯ ಮೇಲೆ ಕೂತು, ಯಾರ ಮನೆಯಲ್ಲಿ ಏನು ಕಷ್ಟವೋ ಅದನ್ನು ಹೇಳಿ ಪ್ರಾರ್ಥಿಸುತ್ತೇವೆ. ಉಪವಾಸ ಎಂದರೆ ಅರ್ಜಿಯ ಜೊತೆ ಲಗತ್ತಿಸುವ ಇನ್ನೊಂದು ಕಾಗದ ಎಂದು ನಾನು ಅಂದುಕೊಂಡಿದ್ದೆ. ಬರೀ ಅರ್ಜಿಗಿಂತ ಅದಕ್ಕೆ ತೂಕ ಹೆಚ್ಚು. ಹಾಗೆಂದು ಯಾರೂ ನನಗೆ ಕಲಿಸಿರಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ.

ನಮ್ಮ ಯಜಮಾನರು ರೈಲ್ವೆ ಗೇಟ್‌ಮನ್. ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ ಗೇಟಿನ ಕೋಣೆಯಲ್ಲಿ ಕೂತು ಉಣ್ಣುತ್ತಿದ್ದರು. ಊಟವೆಂದರೆ ಅವರಿಗೆ ಅಷ್ಟು ಇಷ್ಟ. ಪಕ್ಕದ ಮನೆಯಲ್ಲಿ ನಿವೃತ್ತರಾದ ಒಬ್ಬ ಟೀಚರ್ ಇದ್ದಾರೆ, ಏಕಾದಶಿ ತಪ್ಪದೆ ಮಾಡುವವರು. ಅವತ್ತು ಅವರ ಮನೆಯಿಂದ ಬರುವ ಉಪ್ಪಿಟ್ಟು, ಅವಲಕ್ಕಿಯ ವಾಸನೆಗೆ ಇವರು ಕಾಂಪೌಂಡಿನ ಆಚೆಯಿಂದಲೇ ಹೇಳುತ್ತಿದ್ದರು: "ಟೀಚರ್, ನಿಮ್ಮ ಉಪವಾಸದ ಊಟ ನಮ್ಮ ಕ್ರಿಸ್ಮಸ್ ಊಟಕ್ಕಿಂತ ಚೆನ್ನಾಗಿದೆ. ನನ್ನನ್ನೂ ಸೇರಿಸ್ಕೊಳ್ಳಿ." ಟೀಚರ್ ನಗುತ್ತಾ ಒಂದು ತಟ್ಟೆ ಕಳಿಸುತ್ತಿದ್ದರು.

ಅಂಥವರಿಗೆ ಆಸ್ಪತ್ರೆಯಲ್ಲಿ ಬಾಯಿಂದ ಏನೂ ಕೊಡುವ ಹಾಗಿರಲಿಲ್ಲ. ಮೂಗಿನಲ್ಲಿ ನಳಿಕೆ. ನಾನು ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಿದ್ದೆ. ರಾತ್ರಿ ಅವರ ಜೊತೆ ಇಲಾಖೆಯ ಸ್ನೇಹಿತರೊಬ್ಬರು ಇರುತ್ತಿದ್ದರು. ದಿನಾ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನಮ್ಮ ಯಜಮಾನರದು ಒಂದೇ ಪ್ರಶ್ನೆ: "ಏನು ಊಟ ಮಾಡಿದೆ?"

ಮೊದಲ ದಿನ "ಉಪವಾಸ" ಎಂದೆ.

"ನಾನು ಡಾಕ್ಟರ್ ಹೇಳಿದ್ದಕ್ಕೆ ಊಟ ಬಿಟ್ಟಿದ್ದೀನಿ. ನಿಂಗೆ ಯಾರೇ ಹೇಳಿದ್ದು?"

"ನಿಮಗೋಸ್ಕರ."

"ನಂಗೋಸ್ಕರ ಅಂದ್ರೆ ತಿನ್ನು ಕಣೇ. ಕೇಳೋಕಾದ್ರೂ ಚೆನ್ನಾಗಿರುತ್ತೆ. ಹೋಗ್ಲಿ, ನಿನ್ನೆ ಸಂಜೆ ಏನು?"

"ಗಂಜಿ."

"ಅದನ್ನ ಏನು ಕೇಳೋದು."

ಪಕ್ಕದ ಮಂಚದಲ್ಲಿ ಗಂಡಸಿ ಊರಿನ ಕಡೆಯ ಒಬ್ಬ ರೋಗಿ ಇದ್ದರು. ಅವರ ಹೆಂಡತಿ ಹೊರಗೆ ಊಟ ಮಾಡಿ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಹತ್ತನೆಯ ದಿನವೋ ಏನೋ, ಇವರು ನನ್ನನ್ನು ಕೇಳುವುದನ್ನು ಬಿಟ್ಟು ಅವಳ ಕಡೆ ತಿರುಗಿದರು. "ಏನಮ್ಮ, ಇವತ್ತು ಏನು ಸಾರು?"

"ಹುಳ್ಳಿಕಾಳ್ ಬಸ್ಸಾರು ಕಣಣ್ಣ. ನಮ್ಮಕ್ಕನ ಮನೇದು. ಒಸಿ ಖಾರ ಜಾಸ್ತಿ ಆಗೈತೆ."

"ಬೆಳ್ಳುಳ್ಳಿ ಹಾಕಿದ್ರಾ?"

"ಹಾಕ್ದೆ ಇದ್ರೆ ಅದ್ಯಾವ ಬಸ್ಸಾರಣ್ಣ."

ಕಾಳು ಎಷ್ಟು ಬೆಂದಿತ್ತು, ಮುದ್ದೆ ಮೆತ್ತಗಿತ್ತೋ ಗಟ್ಟಿಯಿತ್ತೋ, ಎಲ್ಲವನ್ನೂ ಅವಳು ಹೇಳಿದಳು. ಇವರು ಕಣ್ಣು ಮುಚ್ಚಿಕೊಂಡು ಕೇಳಿದರು. ಅವರ ಮುಖದಲ್ಲಿ ನಗು ಇತ್ತು. ನಾನು ಸ್ಟೂಲಿನ ಮೇಲೆ ಕೂತು ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದೆ, ಇವರನ್ನು ಗುಣಪಡಿಸು ಎಂದು. ಅವಳ ಮೇಲೆ ಹೊಟ್ಟೆಕಿಚ್ಚೂ ಪಡುತ್ತಿದ್ದೆ. ಮರುದಿನವಾದರೂ ಊಟ ಮಾಡಿ ಬಂದು ಹೇಳಬಹುದಿತ್ತು. ಮಾತು ಮುರಿದರೆ ಅವರ ಪ್ರಾಣಕ್ಕೆ ಏನಾದರೂ ಆದೀತು ಎಂಬ ಹೆದರಿಕೆಗೆ ಮಾಡಲಿಲ್ಲ. ನಾಲ್ಕು ದಿನದ ಮೇಲೆ ಹೇಗೂ ಆಯಿತು.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಯಾರು ಯಾರೋ ಊಟ ತಂದರು, ತಿನ್ನು ತಿನ್ನು ಎಂದರು. ಒಂದು ಲೋಟ ಮಜ್ಜಿಗೆ, ನಾಲ್ಕು ತುತ್ತು ಅನ್ನದಲ್ಲಿ ನನ್ನ ದಿನ ಹೋಗುತ್ತಿತ್ತು. ಮೂರನೆಯ ದಿನ ಸಂಜೆಯವರೆಗೂ ನೀರು ಬಿಟ್ಟು ಏನೂ ಮುಟ್ಟಿಲ್ಲವೆಂದು ನೆನಪಾಗಿ, ಒಂದು ಸೂಜಿ ತೆಗೆದು ಡಬ್ಬಿಗೆ ಹಾಕಿದೆ. ಆಮೇಲೆ ಏಕೋ ಸರಿ ಎನಿಸಲಿಲ್ಲ. ಆ ದಿನ ನನಗೆ ಹಸಿವೆಯೇ ಆಗಿರಲಿಲ್ಲ. ಹಸಿವೆಯೇ ಇಲ್ಲದವಳು ಏನನ್ನು ಬಿಟ್ಟಂತಾಯಿತು? ಡಬ್ಬಿಯಿಂದ ಸೂಜಿ ತೆಗೆದು ಮತ್ತೆ ದಿಂಬಿಗೆ ಚುಚ್ಚಿದೆ.

ಅಯ್ಯನವರು, ಎಂದರೆ ನಮ್ಮ ಸಭಾಪಾಲಕರು, ಪ್ರಾರ್ಥನೆ ಮಾಡಲು ಬಂದಾಗ ಕೇಳಿದೆ. ಉಳಿದ ಏಳು ದಿನ ಮಾಡಬೇಕೋ ಬೇಡವೋ.

"ಬೇಡ ಅಮ್ಮ. ಮಗು ಕಾಯಿಲೆ ಬಿದ್ದಾಗ ಉಪವಾಸ ಮಾಡಿದ ರಾಜ, ಅದು ಸತ್ತ ಮೇಲೆ ಎದ್ದು ಸ್ನಾನ ಮಾಡಿ ಊಟ ಕೇಳಿದ. ನಿಮಗೆ ಗೊತ್ತಿರೋ ಬೈಬಲ್ ಕಥೆಯೇ. ಕೇಳಿದ್ದಕ್ಕೆ ಉತ್ತರ ಬಂತಲ್ಲ."

ಅವರು ಹೋದ ಮೇಲೆ ಟೀಚರ್ ಹೇಳಿದ್ದು ಬೇರೆ. "ಸಂಕಲ್ಪ ಮಾಡಿದ್ದನ್ನ ಅರ್ಧಕ್ಕೆ ಬಿಡಬಾರದು ಅಂತ ನಮ್ಮಲ್ಲಿ. ಆದ್ರೆ ಸೂತಕದಲ್ಲಿ ವ್ರತ ಇಲ್ಲ. ಈಗ ಊಟ ಮಾಡಿ, ಸೂತಕ ಕಳೆದ ಮೇಲೆ ಮುಂದುವರಿಸಿ."

"ನಮ್ಮಲ್ಲಿ ಸೂತಕ ಇಲ್ವಲ್ಲ ಟೀಚರ್."

"ಹೌದಲ್ಲ," ಎಂದರು ಅವರು. "ಹಾಗಾದ್ರೆ ನಂಗೂ ಗೊತ್ತಿಲ್ಲಮ್ಮ."

ಇಬ್ಬರೂ ಹೇಳಿದ್ದು ಊಟ ಮಾಡು ಎಂದೇ. ಆದರೆ ಸೂಜಿಗಳನ್ನು ಕಿತ್ತುಬಿಡಲು ನನಗೆ ಮನಸ್ಸು ಬರಲಿಲ್ಲ. ಹಟ ಎಂದು ಯಾರಾದರೂ ಅಂದರೆ ಇಲ್ಲವೆನ್ನಲಾರೆ. ಆದರೆ ಒಂದು ಸಂಗತಿ ತಿಳಿಯಬೇಕಿತ್ತು. ಬೇಡುವುದೇನೂ ಉಳಿದಿಲ್ಲದಾಗ ಉಪವಾಸ ಯಾತಕ್ಕೆ? ಕೇಳಿದ್ದು ಸಿಗಲಿಲ್ಲವೆಂದರೆ ಆ ಹದಿನಾಲ್ಕು ದಿನ ಬರೀ ಹಸಿದುಕೊಂಡಿದ್ದು ಅಷ್ಟೇ ಆಯಿತೆ? ಹಾಗಿದ್ದರೆ ಅವರಿಗೆ ಒಂದು ದಿನವೂ ಊಟದ ಮಾತು ಹೇಳದೆ ಇದ್ದದ್ದಕ್ಕೆ ನನಗೆ ಸಮಾಧಾನವೇ ಇರುವುದಿಲ್ಲ.

ನಮ್ಮ ಯಜಮಾನರು ತೀರಿಕೊಂಡು ಹನ್ನೆರಡು ದಿನ ಕಳೆದ ಮೇಲೆ ಅವರ ಅಕ್ಕ, ಬೇಲೂರಿನಲ್ಲಿರುವ ನನ್ನ ಅತ್ತಿಗೆ, ಫೋನು ಮಾಡಿ ಬರಲೇಬೇಕು ಎಂದರು. ಎರಡು ಸೀರೆಯ ಜೊತೆ ದಿಂಬನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸು ಹಳೇಬೀಡಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಮಧ್ಯಾಹ್ನ ಒಂದು ಗಂಟೆಯ ಸಮಯ. ಪಕ್ಕದ ಸೀಟಿನ ಹೆಂಗಸು ಡಬ್ಬಿ ತೆಗೆದು ಚಿತ್ರಾನ್ನ ತಿನ್ನತೊಡಗಿದಳು. ನಿಂಬೆಹಣ್ಣಿನ ಹುಳಿ, ಒಗ್ಗರಣೆಯಲ್ಲಿ ಹುರಿದ ಕಡಲೆಕಾಯಿ ಬೀಜ. ನನ್ನ ಬಾಯಲ್ಲಿ ನೀರೂರಿತು. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಇದೇನು ಎಂದು ಒಂದು ಕ್ಷಣ ಗೊತ್ತೇ ಆಗಲಿಲ್ಲ. ಹಸಿವೆ. ಹನ್ನೆರಡು ದಿನದಲ್ಲಿ ಮೊದಲ ಸಲ. ಅವರು ಮಣ್ಣಿನಲ್ಲಿದ್ದಾರೆ, ನನಗೆ ಚಿತ್ರಾನ್ನ ಬೇಕಾಗಿದೆ ಎಂದು ನಾಚಿಕೆಯೂ ಆಯಿತು.

ಅವಳು ಡಬ್ಬಿ ಚಾಚಿದಳು. "ತಗಳಿ ಅಕ್ಕ, ಒಂದ್ ತುತ್ತು."

"ಬೇಡಮ್ಮ. ಉಪವಾಸ." ಅವತ್ತು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಈಗ ಹಸಿವೆಯೂ ಬಂದಿದೆ, ಇವತ್ತಿನದು ಸೇರುತ್ತದೆ ಎಂದು ಆ ಗಳಿಗೆಯಲ್ಲೇ ನಿಶ್ಚಯ ಮಾಡಿದೆ.

"ಇವತ್ತು ಬುಧವಾರ ಅಲ್ವಾ? ಬುಧವಾರ ಯಾವ ದೇವ್ರಿಗಕ್ಕ?"

ಯಾವ ದೇವರಿಗೆ ಎಂಬುದು ನನಗೆ ಗೊತ್ತಿತ್ತು. ಯಾತಕ್ಕೆ ಎಂಬುದು ಗೊತ್ತಿರಲಿಲ್ಲ. "ನಮ್ಮ ಮನೆ ಪದ್ಧತಿ" ಎಂದೆ.

ಅತ್ತಿಗೆ ಬಾಗಿಲಲ್ಲೇ ನನ್ನ ಕೈ ಹಿಡಿದು ನೋಡಿದರು. "ಹಿಂಗೆ ಒಣಗೋಗಿದ್ದೀಯಲ್ಲೇ. ಅವನ ಹಿಂದೇನೇ ಹೊರಟಿದ್ದೀಯಾ?"

ದಿಂಬು ತೋರಿಸಿ ಎಲ್ಲ ಹೇಳಿದೆ. ಅವರು ದಿಂಬನ್ನು ಕೈಗೆ ತೆಗೆದುಕೊಂಡು ಸೂಜಿಗಳನ್ನು ಎಣಿಸಿದರು. ಆಮೇಲೆ, "ನಾನೂ ಅವನಿಗೋಸ್ಕರ ಮೂರು ಶುಕ್ರವಾರ ಉಪವಾಸ ಇದ್ದೆ ಕಣೇ. ಅವನು ಹೋದ್ಮೇಲೆ ದೇವ್ರ ಮೇಲೆ ಮುನಿಸ್ಕೊಂಡು ಆ ಮೂರು ದಿನದ್ದೂ ಸೇರಿಸಿ ತಿಂದೆ. ಹೊಟ್ಟೆನೋವು ಬಂತು," ಎಂದರು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು.

ಬೇಲೂರಿನಲ್ಲಿ ಐದು ದಿನ ಇದ್ದೆ. ಬೇಡದೆ ಪ್ರಾರ್ಥನೆ ಮಾಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿದೊಡನೆ ನಾಲಿಗೆಗೆ ಬರುವ ಮೊದಲ ಮಾತು "ಕೊಡು" ಎಂದೋ "ಕಾಪಾಡು" ಎಂದೋ ಇರುತ್ತದೆ. ಅದನ್ನು ತಡೆದರೆ ಮುಂದೆ ಮಾತೇ ಇಲ್ಲ. ಎರಡನೆಯ ದಿನ ಬರೀ ಕೂತಿದ್ದೆ, ಪಕ್ಕದ ಮನೆಯ ಮಿಕ್ಸಿಯ ಸದ್ದು ಕೇಳುತ್ತಾ. ಮೂರನೆಯ ದಿನ ದೇವರ ಮೇಲೆ ಸಿಟ್ಟು ಬಂತು, ಅದನ್ನೇ ಹೇಳಿದೆ. ನಾಲ್ಕನೆಯ ದಿನ ಅತ್ತಿಗೆಯ ಜೊತೆ ಅಡಿಗೆ ಮಾಡುತ್ತಾ, ಅಭ್ಯಾಸಬಲದಿಂದ ಸಾರನ್ನು ಅಂಗೈಗೆ ಬಿಟ್ಟುಕೊಂಡು ಉಪ್ಪು ನೋಡಿದೆ. ನುಂಗಿದ ಮೇಲೆ ನೆನಪಾಯಿತು. ಹೋಗಿ, ಬೆಳಿಗ್ಗೆ ತೆಗೆದಿದ್ದ ಸೂಜಿಯನ್ನು ವಾಪಸ್ಸು ಚುಚ್ಚಿದೆ.

"ಉಪ್ಪು ನೋಡಿದ್ದಕ್ಕೆಲ್ಲ ದೇವ್ರು ಲೆಕ್ಕ ಇಡ್ತಾನೇನೇ?" ಎಂದರು ಅತ್ತಿಗೆ.

"ಅವನು ಇಡಲ್ಲ. ನಾನು ಇಡ್ತೀನಿ."

"ಸರಿ ಬಿಡು. ಉಪ್ಪು ಸರಿ ಐತಾ ಅದನ್ನ ಹೇಳು."

"ಸ್ವಲ್ಪ ಕಮ್ಮಿ. ಹುಣಸೆ ಚೆನ್ನಾಗಿ ಹಿಡಿದಿದೆ. ತೊಗರಿಬೇಳೆ ಇನ್ನೊಂದು ಕುದಿ ಬರಬೇಕು," ಎಂದೆ. ಹೇಳುತ್ತಿದ್ದ ಹಾಗೆ ಆ ಆಸ್ಪತ್ರೆಯ ಮಂಚ ಕಣ್ಣ ಮುಂದೆ ಬಂತು. ಇಷ್ಟೇ. ಅವರು ಕೇಳಿದ್ದು ಇಷ್ಟೇ ಮಾತು.

ಅವತ್ತಿನಿಂದ ಮಧ್ಯಾಹ್ನ ಒಂದು ಗಂಟೆಗೆ ಹಸಿವೆ ಬಂದಾಗಲೆಲ್ಲ ಅದನ್ನು ಗಮನಿಸಿ ನೋಡತೊಡಗಿದೆ. ಮೊದಲು ಹೊಟ್ಟೆ ಚುರುಗುಟ್ಟುವುದು, ಆಮೇಲೆ ಒಂದು ಬಗೆಯ ಸಿಡುಕು, ಆಮೇಲೆ ನಿಧಾನವಾಗಿ ಎಲ್ಲ ಇಳಿದು, ಕಿವಿ ಮಾತ್ರ ಚುರುಕಾಗುತ್ತದೆ. ಬೇರೆ ಮನೆಯಲ್ಲಿ ತಟ್ಟೆ ಇಟ್ಟ ಸದ್ದೂ ಕೇಳುತ್ತದೆ. ಅವರು ಹೀಗೇ ಮಲಗಿರುತ್ತಿದ್ದರು. ಸಂಜೆ ಆರಕ್ಕೆ ಊಟ ಸಿಗುತ್ತದೆ ಎಂಬ ಭರವಸೆಯೂ ಅವರಿಗಿರಲಿಲ್ಲ. ನಾನು ಅವರ ಪಕ್ಕದಲ್ಲೇ ಕೂತು ಹದಿನಾಲ್ಕು ದಿನ ಉಪವಾಸ ಮಾಡಿದೆ, ಆದರೆ ಅವರ ಹಸಿವೆಯನ್ನು ಒಂದು ದಿನವೂ ಹೀಗೆ ಯೋಚಿಸಿರಲಿಲ್ಲ. ನನ್ನ ಗಮನವೆಲ್ಲ ನನ್ನ ಅರ್ಜಿಯ ಮೇಲೆ, ಅದು ಮಂಜೂರಾಗುತ್ತದೋ ಇಲ್ಲವೋ ಎಂಬುದರ ಮೇಲಿತ್ತು. ಏನೂ ಕೇಳದೆ ಹಸಿದಿದ್ದಾಗ ಅದು ತಿಳಿಯಿತು. ಇದನ್ನು ದೇವರು ತಿಳಿಸಿದ್ದೋ, ಖಾಲಿ ಹೊಟ್ಟೆ ತಿಳಿಸಿದ್ದೋ, ನನಗೆ ಹೇಳಲು ಬರುವುದಿಲ್ಲ. ಅರಸೀಕೆರೆಗೆ ಬಂದ ಮೇಲೆ ಅಯ್ಯನವರಿಗೆ ಹೇಳಿದಾಗ ಅವರು ತಲೆ ತಗ್ಗಿಸಿ ಕೇಳಿದರು. "ಇಷ್ಟು ವರ್ಷ ಉಪವಾಸದ ಮೇಲೆ ಪ್ರಸಂಗ ಮಾಡಿದೀನಿ. ಇದನ್ನ ಹೇಳಿರಲಿಲ್ಲ," ಎಂದರು. ಊಟ ಮಾಡು ಎಂದು ಮತ್ತೆ ಹೇಳಲಿಲ್ಲ.

ಏಳು ಸೂಜಿ ಮುಗಿಯಲು ಮೂರು ವಾರ ಹಿಡಿಯಿತು. ಹಸಿವೆಯಾಗದ ದಿನಗಳನ್ನು ಸೇರಿಸಲಿಲ್ಲ. ಅಂಥ ದಿನಗಳು ಕಡಿಮೆಯಾಗುತ್ತಾ ಬಂದವು. ಅದೊಂದನ್ನು ಗಮನಿಸಿ ನನಗೇ ಆಶ್ಚರ್ಯವಾಗುತ್ತಿತ್ತು.

ಕೊನೆಯ ಸೂಜಿ ತೆಗೆದ ದಿನ ಮಧ್ಯಾಹ್ನವೇ ಹುರುಳಿಕಾಳು ಬೇಯಿಸಿ ಕಟ್ಟು ಬಸಿದಿಟ್ಟೆ. ಬೆಳ್ಳುಳ್ಳಿ ಸುಲಿದೆ. ಉಪ್ಪು ನೋಡದೆ ಅಂದಾಜಿನಲ್ಲಿ ಹಾಕಿದೆ. ವಾಸನೆಗೆ ಟೀಚರ್ ಕಾಂಪೌಂಡಿನ ಹತ್ತಿರ ಬಂದರು.

"ಇವತ್ತು ಕೊನೇದು ಅಲ್ವಾ? ಏನಮ್ಮ ಬೇಡ್ಕೋತೀರಾ ಕೊನೇಲಿ?"

"ಬೇಡೋದೇನಿಲ್ಲ ಟೀಚರ್. ಒಂದು ಮಾತು ಹೇಳೋದಿದೆ ಅಷ್ಟೇ."

"ನಮ್ಮ ಏಕಾದಶಿ ಊಟಕ್ಕಿಂತ ಚೆನ್ನಾಗಿರೋ ಹಾಗಿದೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಆರು ಗಂಟೆಗೆ ಮುದ್ದೆ ತಿರುವಿ, ತಟ್ಟೆಗೆ ಬಸ್ಸಾರು ಬಿಟ್ಟುಕೊಂಡು, ಈ ಸಲ ಪ್ರಾರ್ಥನೆಗೆ ಮುಂಚೆ ಊಟ ಮಾಡಿದೆ. ತಟ್ಟೆ ಖಾಲಿಯಾಗುವವರೆಗೂ ಉಂಡೆ. ಕೈ ತೊಳೆದು ಮಂಡಿಯೂರಿದೆ. ತೀರಿಕೊಂಡವರ ಜೊತೆ ಮಾತಾಡುವ ಪದ್ಧತಿ ನಮ್ಮ ಸಭೆಯಲ್ಲಿ ಇಲ್ಲ. ಅದಕ್ಕೇ ದೇವರಿಗೆ ಹೇಳಿದೆ, ಅವರಿಗೆ ತಲುಪಿಸುವುದು ಅವನಿಗೆ ಬಿಟ್ಟದ್ದು.

ಇವತ್ತು ಹುರುಳಿಕಾಳಿನ ಬಸ್ಸಾರು, ಮುದ್ದೆ ಎಂದೆ. ಕಾಳು ಚೆನ್ನಾಗಿ ಬೆಂದಿತ್ತು. ಬೆಳ್ಳುಳ್ಳಿ ಎಂಟು ಎಸಳು ಹಾಕಿದ್ದೆ. ಮುದ್ದೆಯಲ್ಲಿ ಒಂದು ಕಡೆ ಗಂಟು ಉಳಿದಿತ್ತು. ಖಾರ ಸರಿಯಾಗಿತ್ತು. ಉಪ್ಪು ಒಂದು ಚಿಟಿಕೆ ಕಡಿಮೆ. ಎರಡನೆಯ ಸಲ ಬಡಿಸಿಕೊಂಡೆ ಎಂಬುದನ್ನೂ ಹೇಳಿದೆ.